ಬೆರಳಿಗೆ ತಿಳಿಯದ ಬಿಸಿ

ಬೆಳಗಿನ ಆಜಾನ್‌ಗೆ ಎಚ್ಚರವಾದಾಗ ಕೆಹಕಶಾನ್‌ಗೆ ಬಲಗೈ ಇರಲಿಲ್ಲ.

ಕಣ್ಣಿಗೇನೋ ಕಾಣುತ್ತಿತ್ತು. ದಿಂಬಿನ ಪಕ್ಕದಲ್ಲೇ ಬಿದ್ದಿತ್ತು. ಏಳು ಅಂದರೆ ಏಳಲಿಲ್ಲ. ಎಡಗೈಯಿಂದ ಅದನ್ನು ಎತ್ತಿ ಎದೆಯ ಮೇಲೆ ಇಟ್ಟುಕೊಂಡಳು. ಬೇರೆ ಯಾರದೋ ಕೈ ಮೈಮೇಲೆ ಬಿದ್ದಂತಾಗಿ ಬೆಚ್ಚಿದಳು. ಕೊಡವಿದಳು, ತಿಕ್ಕಿದಳು, ಗೋಡೆಗೆ ಬಡಿದಳು. ಸ್ವಲ್ಪ ಹೊತ್ತಿಗೆ ಇರುವೆ ಹರಿದಂತೆ ಶುರುವಾಯಿತು. ಕಿರುಬೆರಳು ಬಂತು. ಉಂಗುರದ ಬೆರಳು ಅರ್ಧ ಬಂತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಬರಲಿಲ್ಲ. ಮುಂಚೆ ಹಲ್ಲುಜ್ಜುವ ಹೊತ್ತಿಗಾದರೂ ಬರುತ್ತಿದ್ದವು. ಈಗ ಮೂರು ದಿನದಿಂದ ಆ ಮೂರೂ ಬಂದೇ ಇಲ್ಲ.

ಅವಳಿಗೆ ಭಯವಾಯಿತು. ನಾಲ್ಕು ತಿಂಗಳಿಂದ ಇದೇ ಭಯ. ಮನೆಯಾಚೆ ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ. ಕತ್ತರಿ ಹಿಡಿಯುವವಳ ಕೈ ಸತ್ತಿದೆ ಎಂದು ಗೊತ್ತಾದ ಮೇಲೆ ಆ ಕೈಗೆ ಕತ್ತರಿ ಕೊಡುವವರು ಯಾರು?

ರಾಮನಗರದ ರೀಲಿಂಗ್ ಗಲ್ಲಿಯಲ್ಲಿ ಅವರದ್ದು ಒಂದೇ ಕೋಣೆಯ ಮನೆ. ಇರುವವರು ಇಬ್ಬರು, ಅಮ್ಮಿ ಮತ್ತು ಅವಳು. ಅಮ್ಮಿ ಮೂವತ್ತು ವರ್ಷ ಕುದಿಯುವ ನೀರಿನಲ್ಲಿ ಬೆರಳಿಟ್ಟು ರೇಷ್ಮೆಗೂಡಿನಿಂದ ಎಳೆ ಎತ್ತಿದವಳು. ಆ ಎಳೆ ಯಾರ ಯಾರ ಮದುವೆಯಲ್ಲೋ ಸೀರೆಯಾಗಿ ಮೆರೆಯಿತು. ಅಮ್ಮಿಗೆ ಉಳಿದದ್ದು ಬೆಂದು ಬಿಳಿಚಿದ ಹತ್ತು ಬೆರಳು. ಅವು ಮಡಚುವುದಿಲ್ಲ. ಅವಳ ತಲೆ ಬಾಚುವುದು, ಕುರ್ತಾದ ಗುಂಡಿ ಹಾಕುವುದು, ಅನ್ನ ಕಲಸಿ ಬಾಯಿಗಿಡುವುದು ಎಲ್ಲ ಮಗಳೇ. ನಾಲ್ಕು ಕೈಯಿದ್ದ ಮನೆಯಲ್ಲಿ ಈಗ ಕೆಲಸಕ್ಕೆ ಬರುವುದು ಎರಡೇ. ಅದರಲ್ಲೂ ಒಂದು ಹೀಗೆ.

ಹತ್ತನೇ ತರಗತಿ ಪಾಸಾದ ಮಗಳು ಗೂಡು ಬೇಯುವ ಬೇಸಿನ್ ಮುಂದೆ ಕೂರಬಾರದು ಎಂದು ಅಮ್ಮಿ ಹಟ ಹಿಡಿದಿದ್ದಳು. ಮಗಳು ಕೂರಲಿಲ್ಲ. ಹೈವೇ ಪಕ್ಕದ ನಾಯಿ ಸಲೂನಿಗೆ ಸೇರಿದಳು. ಅಲ್ಲಂತೂ ಕೂರುವುದಕ್ಕೇ ಬಿಡುವುದಿಲ್ಲ.

"ಬಿಸಿನೀರಲ್ಲಿ ಅದ್ದು ಬೇಟಿ, ಎದ್ದೇಳ್ತವೆ," ಅಂದಳು ಅಮ್ಮಿ. ರೀಲಿಂಗ್ ಮನೆಯ ಹೆಂಗಸರಿಗೆಲ್ಲ ಗೊತ್ತಿರುವ ಔಷಧಿ ಇದು. ಬೆಳಗ್ಗೆ ಬೆರಳು ಮರಗಟ್ಟಿದ್ದರೆ ಬಿಸಿನೀರಿಗೆ ಹಾಕಿ ಎಬ್ಬಿಸುವುದು, ಆಮೇಲೆ ಅದೇ ಬೆರಳನ್ನು ಅದಕ್ಕಿಂತ ಬಿಸಿಯಾದ ನೀರಿಗೆ ಹಾಕಿ ದುಡಿಸುವುದು.

ಕೆಹಕಶಾನ್ ಒಲೆಯ ಮೇಲಿನ ಪಾತ್ರೆ ಇಳಿಸಿ ಆ ಮೂರು ಬೆರಳು ಅದ್ದಿದಳು.

"ಹಬೆ ಆಡ್ತಾ ಇದೆ, ಸುಡ್ತಾ ಇಲ್ವಾ?"

"ಇಲ್ಲ ಅಮ್ಮಿ."

ಅಮ್ಮಿಯ ಮುಖ ಅರಳಿತು. "ನನ್ನ ಮಗಳು ನೀನು. ನಮ್ಮ ಕೈಗೆ ಬಿಸಿ ಹತ್ತಲ್ಲ. ನೀರಿನ ಹದ ನಮ್ಮ ಬೆರಳಿಗೆ ಗೊತ್ತಿರೋ ಹಾಗೆ ಯಾವ ಮೀಟರಿಗೂ ಗೊತ್ತಿಲ್ಲ."

ಕೆಹಕಶಾನ್‌ಗೂ ಒಂದು ಗಳಿಗೆ ಹೆಮ್ಮೆಯೆನಿಸಿತು. ಅಮ್ಮಿಯಿಂದ ಬಂದ ಕೈ, ಗಟ್ಟಿ ಕೈ ಎಂದುಕೊಂಡಳು. ಬೆರಳು ಕೆಂಪಗಾಗಿತ್ತು. ಒರೆಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡಿದಳು.

ಸಲೂನಿನ ಒಡತಿ ರಮ್ಯಾ ಮೇಡಂ. ಸಕ್ಕರೆ ಮಾತಿನವರು. ಬೈದದ್ದನ್ನು ಯಾರೂ ಕೇಳಿಲ್ಲ. ಮೂರು ವರ್ಷದ ಹಿಂದೆ ಕೆಹಕಶಾನ್ ಕೆಲಸಕ್ಕೆ ಸೇರಿದ ದಿನ, ಅವಳ ಗಲ್ಲ ಮುಟ್ಟಿ, "ಎಷ್ಟು ಉದ್ದ ಹೆಸರು ಮಗೂ! ಕಸ್ಟಮರ್ಸ್‌ಗೆ ನಾಲಿಗೆ ಹೊರಳಲ್ಲ. ಇಲ್ಲಿ ನೀನು ಖುಷಿ, ಆಯ್ತಾ?" ಅಂದಿದ್ದರು. ಮಾರನೆಯ ದಿನ ಏಪ್ರನ್ನಿನ ಮೇಲೆ ಖುಷಿ ಎಂಬ ಬಿಲ್ಲೆ ಬಂತು. ನಾಲಿಗೆ ಹೊರಳದ್ದಕ್ಕೋ, ಆ ಹೆಸರು ಅಂಗಡಿಯಲ್ಲಿ ಬೇಡವಾಗಿದ್ದಕ್ಕೋ, ಅವಳು ಕೇಳಲಿಲ್ಲ. ಕೇಳುವುದಕ್ಕೆ ಹೆದರಿಕೆ.

ಅಂಗಡಿಯ ಮುಂಭಾಗ ಚೆಂದ. ಗಾಜಿನ ಬಾಗಿಲು, ಸೋಫಾ, ಚನ್ನಪಟ್ಟಣದ ಬಣ್ಣದ ಮರದ ನಾಯಿಗಳ ಸಾಲು. ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಚಾರ್ಟು. ಹೋದ ವರ್ಷ ಬೆಂಗಳೂರಿನಿಂದ ತರಬೇತಿ ಕೊಡಲು ಬಂದಿದ್ದ ಹೆಂಗಸು ಕೊಟ್ಟು ಹೋದದ್ದು. ಅದರಲ್ಲಿ ನೆಟ್ಟಗೆ ನಿಂತ ಹುಡುಗಿಯ ಚಿತ್ರ, ಪಕ್ಕದಲ್ಲಿ ಬರಹ: ಮೇಜು ಮೊಣಕೈ ಎತ್ತರಕ್ಕಿರಲಿ. ಮಣಿಕಟ್ಟು ಮಡಚಬೇಡಿ. ಒಂದು ನಾಯಿ ಮುಗಿದ ಮೇಲೆ ಹತ್ತು ನಿಮಿಷ ಕೈಗೆ ವಿರಾಮ. ದೊಡ್ಡ ನಾಯಿಯನ್ನು ಒಬ್ಬರೇ ಎತ್ತಬೇಡಿ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ.

ಈ ಚಾರ್ಟು ಇರುವುದು ಗಿರಾಕಿಗಳು ಕೂರುವ ಕಡೆ. ಕೆಲಸ ನಡೆಯುವುದು ಒಳಗೆ. ಒಳಗಿನ ಮೇಜನ್ನು ಏರಿಸುವ ಪೆಡಲು ಮುರಿದು ಒಂದೂವರೆ ವರ್ಷವಾಯಿತು. ಮೇಜು ಮೊಣಕಾಲಿನ ಮಟ್ಟಕ್ಕೆ ಕುಸಿದು ಕೂತಿದೆ. ಕೆಹಕಶಾನ್ ಎತ್ತರದ ಹೆಣ್ಣು. ಬೆಳಗ್ಗೆ ಒಂಬತ್ತಕ್ಕೆ ಬಗ್ಗಿದರೆ ಸಂಜೆ ಏಳಕ್ಕೆ ಏಳಬೇಕು. ದಿನಕ್ಕೆ ಎಂಟು ನಾಯಿ, ಭಾನುವಾರ ಹನ್ನೆರಡು. ಗಂಟು ಕಟ್ಟಿದ ಕೂದಲನ್ನು ಬಾಚಣಿಗೆಯಲ್ಲಿ ಎಳೆ, ಕತ್ತರಿ ಆಡಿಸು, ನಡುಗುವ ಮೆಷಿನ್ ಹಿಡಿ, ಉಗುರು ಕತ್ತರಿಸು. ಸ್ಟೂಲ್ ಇಟ್ಟುಕೊಳ್ಳುವಂತಿಲ್ಲ. ಯಾಕೆಂದರೆ ಮೇಲೆ ಕ್ಯಾಮೆರಾ ಇದೆ. ಗಿರಾಕಿಗಳು ಮನೆಯಲ್ಲೇ ಫೋನಿನಲ್ಲಿ ತಮ್ಮ ನಾಯಿಯ ಸ್ನಾನ ನೋಡುತ್ತಾರೆ. ಕೂತು ಕೆಲಸ ಮಾಡಿದರೆ ಸೋಮಾರಿ ಅನ್ನಿಸುತ್ತದಂತೆ. ನಾಯಿಗೆ ಬಾಯಿಕುಕ್ಕೆ ಹಾಕುವಂತಿಲ್ಲ. ಪಾಪ ಅನ್ನಿಸುತ್ತದಂತೆ. ಆ ಕ್ಯಾಮೆರಾದಲ್ಲಿ ನಾಯಿ ಪೂರ್ತಿ ಕಾಣುತ್ತದೆ. ಇವಳ ಎರಡು ಕೈ ಮಾತ್ರ ಕಾಣುತ್ತವೆ.

ಮುಂಚೆ ಅಂಕಯ್ಯ ಇದ್ದ. ಕೈಲಾಂಚದ ಕಡೆಯವನು, ಐವತ್ತು ದಾಟಿದವನು. ನಾಯಿ ಎತ್ತುವುದು, ತೊಟ್ಟಿಗೆ ಇಳಿಸುವುದು, ಹೇಲು ಬಳಿಯುವುದು ಅವನ ಪಾಲು. ಇವಳನ್ನು 'ಅವ್ವಾ' ಎಂದು ಕರೆಯುತ್ತಿದ್ದ, ಒಮ್ಮೆಯೂ ಖುಷಿ ಅಂದವನಲ್ಲ. ನಾಯಿ ನಡೆದು ಹತ್ತಲು ಒಂದು ಇಳಿಜಾರು ಹಲಗೆಯನ್ನು ಅವನೇ ಬಡಿದು ತಂದಿದ್ದ. ನೋಡಲು ಚೆನ್ನಾಗಿಲ್ಲ ಎಂದು ಮೇಡಂ ಅದನ್ನು ಹಿತ್ತಲಿಗೆ ಹಾಕಿಸಿದರು. ಮೂರು ತಿಂಗಳ ಹಿಂದೆ ಒಂದು ಗ್ರೇಟ್ ಡೇನ್ ನಾಯಿಯನ್ನು ಎತ್ತುವಾಗ ಅಂಕಯ್ಯನ ಸೊಂಟ ಲಟಕ್ಕೆಂದಿತು. ಅಲ್ಲೇ ಕೂತ. ಎದ್ದೇಳಲಿಲ್ಲ.

ಅವತ್ತು ಸಂಜೆ ಮೇಡಂ ಒಂದು ಹಾಳೆ ತಂದರು. 'ನನ್ನ ಬೆನ್ನು ಕೆಲಸಕ್ಕೆ ಸೇರುವ ಮುಂಚಿನಿಂದಲೇ ಕೆಟ್ಟಿತ್ತು, ಅಂಗಡಿಗೂ ಇದಕ್ಕೂ ಸಂಬಂಧವಿಲ್ಲ' ಎಂದು ಅದರಲ್ಲಿತ್ತು. ಅಂಕಯ್ಯನಿಗೆ ಓದು ಬಾರದು. "ಓದಿ ಹೇಳಿ ಒತ್ತಿಸು ಖುಷಿ," ಅಂದು ಮೇಡಂ ಫೋನು ಹಿಡಿದು ಆಚೆ ಹೋದರು. ಕೆಹಕಶಾನ್ ಮನಸ್ಸಿನಲ್ಲೇ ಓದಿಕೊಂಡಳು.

"ಏನೈತವ್ವ ಅದ್ರಾಗೆ?" ಅಂದ ಅಂಕಯ್ಯ.

"ಏನಿಲ್ಲ ಅಣ್ಣ. ರೆಸ್ಟ್ ತಗೋಳಾಕೆ."

"ನೀನು ಓದಿದ್ಮ್ಯಾಕೆ ಸರ್ಯಾಗೇ ಇರ್ತದೆ ಬುಡು," ಅಂದು ಹೆಬ್ಬೆಟ್ಟು ಚಾಚಿದ. ಅವನ ಹೆಬ್ಬೆಟ್ಟನ್ನು ಹಿಡಿದು ಮಸಿಗೆ ಅದ್ದಿ ಹಾಳೆಗೆ ಒತ್ತಿದ್ದು ಇವಳೇ. ಒರಟು ಹೆಬ್ಬೆಟ್ಟು, ಬೆಚ್ಚಗಿತ್ತು. ಆಗ ಇವಳ ಬೆರಳಿಗೆ ಇನ್ನೂ ಸ್ವಲ್ಪ ಸ್ಪರ್ಶ ಇತ್ತು. ಅವತ್ತಿನಿಂದ ಅಂಕಯ್ಯ ಬರಲಿಲ್ಲ. ಇನ್ನೊಬ್ಬರನ್ನು ಮೇಡಂ ಇಟ್ಟುಕೊಳ್ಳಲೂ ಇಲ್ಲ. ಎತ್ತುವುದೂ ಇವಳ ತಲೆಗೇ ಬಂತು.

ಈ ಬೆಳಗ್ಗೆ ಬಂದದ್ದು ಸುಲ್ತಾನ್. ಕನಕಪುರ ರಸ್ತೆಯ ಫಾರ್ಮ್‌ಹೌಸಿನ ಸೇಂಟ್ ಬರ್ನಾರ್ಡ್, ಇವಳಿಗಿಂತ ಹೆಚ್ಚು ತೂಕದ್ದು. ಹಿಮದ ದೇಶದ ಪ್ರಾಣಿಯನ್ನು ತಂದು ಬಂಡೆ ಬಿಸಿಲಿಗೆ ಕಾಯುವ ರಾಮನಗರದಲ್ಲಿ ಸಾಕುತ್ತಾರೆ. ನಾಯಿಗೆ ಸುಲ್ತಾನ್ ಎಂದು ಹೆಸರಿಡಬಹುದು, ಗಿರಾಕಿಗಳಿಗೆ ನಾಲಿಗೆ ಚೆನ್ನಾಗಿ ಹೊರಳುತ್ತದೆ. ಅದನ್ನು ತೊಳೆಯುವವಳ ಹೆಸರು ಮಾತ್ರ ಕೆಹಕಶಾನ್ ಇರಬಾರದು.

ಕರೆತಂದ ಡ್ರೈವರ್ ಆಗಲೇ ಹೊರಟುಬಿಟ್ಟಿದ್ದ. "ಮೇಡಂ, ಒಸಿ ಕೈ ಹಾಕ್ತೀರಾ? ಒಬ್ಬಳ ಕೈಲಿ ಆಗಾಕಿಲ್ಲ," ಅಂದಳು ಕೆಹಕಶಾನ್.

"ನನ್ನ ಡ್ರೆಸ್ ನೋಡು ಮಗೂ. ನೀನು ಮ್ಯಾನೇಜ್ ಮಾಡ್ತೀಯ, ನೀನು ಸ್ಟ್ರಾಂಗ್ ಹುಡುಗಿ."

"ಹೋದ್ಸಲ ಗುರ್ ಅಂದಿತ್ತು. ಬಾಯಿಕುಕ್ಕೆನಾದ್ರೂ ಹಾಕ್ತೀನಿ."

"ಅಯ್ಯೋ ಬೇಡ, ಅವನ ಅಮ್ಮ ನೋಡ್ತಾ ಇರ್ತಾರೆ!" ಮೇಡಂ ಕ್ಯಾಮೆರಾದ ಕಡೆ ಬೆರಳು ತೋರಿಸಿ ಕೈ ಬೀಸಿದರು. ಎಲ್ಲೋ ಕೂತು ಫೋನಿನಲ್ಲಿ ನೋಡುತ್ತಿದ್ದ ಸುಲ್ತಾನನ 'ಅಮ್ಮ'ನಿಗೆ.

ಕೆಹಕಶಾನ್ ಮೊದಲು ಮುಂಗಾಲು ತೊಟ್ಟಿಯ ಅಂಚಿಗೆ ಇಟ್ಟಳು. ಆಮೇಲೆ ಹೊಟ್ಟೆಯ ಕೆಳಗೆ ತೋಳು ತೂರಿಸಿ ಹಿಂಭಾಗ ಎತ್ತಿದಳು. ಮಣಿಕಟ್ಟು ಹಿಂದಕ್ಕೆ ಮಡಚಿತು. ಮೊಣಕೈವರೆಗೆ ಕರೆಂಟು ಹೊಡೆದಂತೆ ನೋವು ಹರಿಯಿತು. ಹಲ್ಲು ಕಚ್ಚಿ ನೂಕಿದಳು. ನಾಯಿ ಒಳಗೆ ಬಿತ್ತು. ಇವಳ ಕಣ್ಣಲ್ಲಿ ನೀರು ಬಂತು. ಎಡಗೈಯಲ್ಲಿ ನಾಯಿಯ ಕೊರಳಪಟ್ಟಿ ಹಿಡಿದುಕೊಂಡೇ ಬಲಗೈಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದಳು.

ನೀರಿಗೆ ತೋರುಬೆರಳು ಹಿಡಿದಳು. ಬಿಸಿ ಗೊತ್ತಾಗಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದಳು. ಈಗ ಉಗುರುಬೆಚ್ಚಗೆ ಇದೆ ಅನ್ನಿಸಿತು. ಹದವಾಗಿದೆ ಎಂದುಕೊಂಡಳು. ನಮ್ಮ ಬೆರಳಿಗೆ ಗೊತ್ತಿರೋ ಹಾಗೆ ಯಾವ ಮೀಟರಿಗೂ ಗೊತ್ತಿಲ್ಲ. ಷವರನ್ನು ಸುಲ್ತಾನನ ಹೊಟ್ಟೆಗೆ, ಕೂದಲು ತೆಳುವಾದ ಕಡೆಗೆ ಹಿಡಿದಳು.

ನಾಯಿ ಕಿರುಚಿತು. ಅಂಥ ದೊಡ್ಡ ಪ್ರಾಣಿಯಿಂದ ಅಂಥ ಸಣ್ಣ ಕೂಗು ಬರಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹಬೆ ಆಗ ಕಂಡಿತು. ತಿರುಗಿ ಬಿದ್ದ ಸುಲ್ತಾನ್ ಅವಳ ಬಲಗೈಗೆ ಬಾಯಿ ಹಾಕಿತು.

ಹಲ್ಲು ತೋರುಬೆರಳಿನೊಳಕ್ಕೆ ಇಳಿಯುವುದನ್ನು ಕೆಹಕಶಾನ್ ನೋಡಿದಳು. ನೋವಾಗಲಿಲ್ಲ.

ಅವಳು ಕೂಗಿದ್ದು ಅದಕ್ಕೆ. ನೋವಾಗದ್ದಕ್ಕೆ. ನಾಯಿಯ ಬಾಯಲ್ಲಿ ತನ್ನ ಬೆರಳಿದೆ, ರಕ್ತ ಸುರಿಯುತ್ತಿದೆ, ಅದು ತನ್ನದೇ ಎಂದು ಹೇಳುವುದಕ್ಕೆ ನೋವು ಕೂಡ ಇಲ್ಲ. ಮಣಿಕಟ್ಟಿನ ಮೇಲೆ ಇನ್ನೊಂದು ಹಲ್ಲು ನಾಟಿದಾಗ ಮಾತ್ರ ಜೀವ ಹೋದಂತಾಯಿತು. ಆಗ ಅವಳಿಗೆ ಎಲ್ಲ ತಿಳಿಯಿತು. ಕೈ ಗಟ್ಟಿಯಾಗಿರಲಿಲ್ಲ. ಕೈ ಸಾಯುತ್ತಿತ್ತು. ಅಮ್ಮಿಯ ಕೈ ಕೂಡ ಗಟ್ಟಿಯಾಗಿದ್ದಲ್ಲ, ಸತ್ತದ್ದು.

ಮೇಡಂ ಓಡಿ ಬಂದರು. "ಬೆರಳು ಸತ್ತೋಗೈತೆ ಮೇಡಂ, ಬಿಸಿ ಗೊತ್ತಾಗ್ಲಿಲ್ಲ," ಅಂದಳು ಕೆಹಕಶಾನ್. ಇವಳನ್ನು ದಾಟಿಕೊಂಡು ನಾಯಿಯ ಹತ್ತಿರ ಹೋದರು. ಫೋನು ಹೊಡೆದುಕೊಳ್ಳತೊಡಗಿತು. "ಇಲ್ಲ ಮ್ಯಾಮ್, ಈಗಲೇ ಡಾಕ್ಟರ್ ಹತ್ರ... ಹುಡುಗಿ ಕೇರ್‌ಲೆಸ್ ಮ್ಯಾಮ್..." ಒದ್ದೆ ಟವಲಿನಲ್ಲಿ ಸುತ್ತಿ, ಪಕ್ಕದ ಬೇಕರಿಯ ಇಬ್ಬರನ್ನು ಕರೆದು, ಸುಲ್ತಾನನನ್ನು ಕಾರಿಗೆ ಎತ್ತಿಸಿದರು. ಎತ್ತುವುದಕ್ಕೆ ಜನ ಸಿಗುತ್ತಾರೆ ಎನ್ನುವುದು ಅವತ್ತು ಗೊತ್ತಾಯಿತು.

"ನೀನು ಎಲ್ಲೂ ಹೋಗಬೇಡ. ನಾನು ಬರೋವರೆಗೂ ಇಲ್ಲೇ ಇರು," ಎಂದು ಹೋದರು.

ಹೋಗಬೇಡ ಅಂದರೆ ಹೋಗದೆ ಉಳಿದಳಲ್ಲಾ, ಆ ಹೆದರಿಕೆಯನ್ನು ಏನೆಂದು ಕರೆಯುವುದು! ನಲ್ಲಿಯ ಕೆಳಗೆ ಕೈ ಹಿಡಿದು ನಾಯಿ ಸೋಪಿನಲ್ಲೇ ತೊಳೆದುಕೊಂಡಳು. ನಾಯಿ ಒರೆಸುವ ಟವಲು ಸುತ್ತಿಕೊಂಡಳು. ಒಂದು ಗಂಟೆ ಕಳೆಯಿತು. ಟವಲು ಕೆಂಪಾಯಿತು, ಇನ್ನೊಂದು ಸುತ್ತಿದಳು. ಹುಚ್ಚು ಹಿಡಿಯುತ್ತದೋ, ಬೆರಳು ತೆಗೆದುಬಿಡುತ್ತಾರೋ, ನಾಳೆ ಅಮ್ಮಿಗೆ ಅನ್ನ ಕಲಸುವವರಾರೋ. ಮೂರು ವರ್ಷದಲ್ಲಿ ಮೊದಲ ಸಲ ಅವಳು ಗಿರಾಕಿಗಳ ಸೋಫಾದ ಮೇಲೆ ಕೂತಳು. ಎದುರಿಗೆ ಚಾರ್ಟು. ನೆಟ್ಟಗೆ ನಿಂತ ಹುಡುಗಿ ನಗುತ್ತಿದ್ದಳು.

ಮೇಡಂ ಬಂದಾಗ ಕೈಯಲ್ಲಿ ಮುಲಾಮಿನ ಚೀಟಿ ಇತ್ತು. "ದೇವರು ದೊಡ್ಡವನು, ಬರೀ ಚರ್ಮ ಕೆಂಪಾಗಿದೆಯಂತೆ. ಪಾಪ ಸುಲ್ತಾನ್, ಎಷ್ಟು ಹೆದರಿಬಿಟ್ಟಿದ್ದಾನೆ ಗೊತ್ತಾ?" ಅಂದರು. ಆಮೇಲೆ ಕಂಪ್ಯೂಟರಿನ ಮುಂದೆ ಕೂತರು. ಪ್ರಿಂಟರು ಒಂದು ಹಾಳೆ ಉಗುಳಿತು.

"ಇದಕ್ಕೊಂದು ಸೈನ್ ಹಾಕು ಮಗೂ. ಹಾಕಿದ ತಕ್ಷಣ ನಾನೇ ಕಾರಲ್ಲಿ ಒಳ್ಳೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

ಕೆಹಕಶಾನ್ ಓದಿದಳು. 'ಕೆಹಕಶಾನ್ ಆದ ನಾನು' ಎಂದು ಶುರುವಾಗಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಅಂಗಡಿಯವರು ಅವಳ ಹೆಸರು ಬರೆದಿದ್ದರು. ಒಂದಕ್ಷರ ತಪ್ಪಿರಲಿಲ್ಲ. 'ಗಾಯವಾಗದಂತೆ ಕೆಲಸ ಮಾಡುವ ಪೂರ್ಣ ತರಬೇತಿಯನ್ನು ಪಡೆದಿರುತ್ತೇನೆ. ಕೈಯ ತೊಂದರೆಯನ್ನು ಮುಚ್ಚಿಟ್ಟು, ನನ್ನ ಅಜಾಗರೂಕತೆಯಿಂದ...' ಮುಂದಕ್ಕೆ ಕಣ್ಣು ಓಡಲಿಲ್ಲ.

"ಪೆನ್ನು ಹಿಡಿಯಾಕೆ ಆಗಲ್ಲ ಮೇಡಂ."

"ಪರವಾಗಿಲ್ಲ, ಹೆಬ್ಬೆಟ್ಟು ಒತ್ತು." ಮೇಡಂ ಡ್ರಾಯರಿನಿಂದ ಮಸಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಅದೇ ಡಬ್ಬಿ. ಅಂಕಯ್ಯನ ಡಬ್ಬಿ. ಬಂದು ಪಕ್ಕದಲ್ಲಿ ಕೂತು, ಟವಲು ಸರಿಸಿ, ಅವಳ ಹೆಬ್ಬೆರಳನ್ನು ಮೆಲ್ಲಗೆ, ಮಗುವಿನದೆಂಬಂತೆ ಹಿಡಿದರು. ಹಿಡಿದದ್ದು ಅವಳಿಗೆ ಕಂಡಿತೇ ಹೊರತು ತಿಳಿಯಲಿಲ್ಲ.

ಒತ್ತಿದರೆ ಕಾರು, ಆಸ್ಪತ್ರೆ, ಸೂಜಿ. ಒತ್ತದಿದ್ದರೆ ಏನು ಎಂದು ಗೊತ್ತಿಲ್ಲ. ಅಂಕಯ್ಯ ಹೀಗೇ ಚಾಚಿದ್ದ. ನೀನು ಓದಿದ್ಮ್ಯಾಕೆ ಸರ್ಯಾಗೇ ಇರ್ತದೆ ಬುಡು.

ಕೆಹಕಶಾನ್ ಕೈ ಎಳೆದುಕೊಂಡಳು. ಮುಷ್ಟಿ ಕಟ್ಟಲು ನೋಡಿದಳು. ಬೆರಳು ಮಡಚಲಿಲ್ಲ. ಎಡಗೈಯಿಂದ ಹೆಬ್ಬೆರಳನ್ನು ಅಂಗೈಯೊಳಗೆ ಮಲಗಿಸಿದಳು. ಅದರ ಮೇಲೆ ಉಳಿದ ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಆ ಮುಷ್ಟಿಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಬೆರಳುಗಳ ಸಂದಿನಿಂದ ರಕ್ತ ಸೋಫಾದ ಮೇಲೆ ತೊಟ್ಟಿಕ್ಕಿತು.

"ಒತ್ತಲ್ಲ," ಅಂದಳು.

"ಏನು?"

"ಒತ್ತಲ್ಲ ಮೇಡಂ. ಕೈ ವಿಷ್ಯ ಮುಚ್ಚಿಟ್ಟೆ, ಹೌದು. ನೀರು ನೋಡಿದ್ದು ನಾನೇ, ಅದೂ ಹೌದು. ಸುಲ್ತಾನ್ ಮುಂದೆ ತಪ್ಪಾಯ್ತು ಅಂತೀನಿ. ನಿಮ್ಮ ಮುಂದೆ ಅನ್ನಲ್ಲ." ಎದ್ದು ನಿಂತು ಚಾರ್ಟಿನ ಕಡೆ ಮುಖ ಮಾಡಿದಳು. "ಮೇಜು ಮೊಣಕೈ ಎತ್ತರಕ್ಕಿರಲಿ ಅಂತೈತೆ. ಎಲ್ಲೈತೆ? ಒಬ್ಬರೇ ಎತ್ತಬೇಡಿ ಅಂತೈತೆ. ಇನ್ನೊಬ್ರು ಎಲ್ಲವ್ರೆ? ಕೈಗೆ ವಿರಾಮ ಅಂತೈತೆ. ಮೂರು ವರ್ಷದಾಗೆ ಒಂದು ದಿನ ಕೊಟ್ಟಿದ್ದೀರಾ? ಗಿರಾಕಿಗಳಿಗೆ ತೋರ್ಸಾಕೆ ಇದನ್ನ ನೇತು ಹಾಕಿದ್ರಿ. ಈಗ ನಂಗೆ ಉರ್ಲು ಹಾಕ್ತಿದ್ದೀರಾ?"

ಮೇಡಂ ಮುಖದ ಸಕ್ಕರೆ ಕರಗಿತು. "ನೋಡು ಖುಷಿ, ಸುಮ್ಮನೆ ದೊಡ್ಡದು ಮಾಡಬೇಡ. ನಿಮ್ಮಂಥವರಿಗೆ ಕೆಲಸ ಕೊಟ್ಟಿದ್ದೇ..."

"ಕೆಹಕಶಾನ್," ಅಂದಳು. "ಹಾಳೆಯಲ್ಲಿ ಸರ್ಯಾಗೇ ಬರ್ದಿದ್ದೀರಲ್ಲ. ಬಾಯಲ್ಲೂ ಬತ್ತೈತೆ, ಅನ್ನಿ."

ಬಿಲ್ಲೆ ಕಿತ್ತು ಮಸಿಯ ಡಬ್ಬಿಯೊಳಗೆ ಹಾಕಿದಳು. ಹಾಳೆಯನ್ನು ಎಡಗೈಯಲ್ಲಿ ಮಡಚಿ ಎದೆಗೆ ಸಿಕ್ಕಿಸಿಕೊಂಡು ಗಾಜಿನ ಬಾಗಿಲು ದೂಡಿದಳು. ಹಿಂದೆ ಮೇಡಂ ಏನೋ ಕೂಗುತ್ತಿದ್ದರು. ಅವರು ಕೂಗಿದ್ದು ಇದೇ ಮೊದಲು.

ಹೈವೇ ಬಿಸಿಲಿಗೆ ಕಣ್ಣು ಕತ್ತಲೆ ಬಂತು. ಬಸ್ಸಿನಲ್ಲಿ ಪಕ್ಕದ ಹೆಂಗಸು ರಕ್ತ ನೋಡಿ ಸರಿದು ಕೂತಳು. ಕೆಹಕಶಾನ್ ಎಡಗೈಯಿಂದ ಫೋನು ಒತ್ತಿದಳು.

"ಅಂಕಣ್ಣ, ಅವತ್ತಿನ ಪೇಪರ್ನಾಗೆ ಏನಿತ್ತು ಅಂತ ನಿಂಗೆ ಹೇಳ್ಲಿಲ್ಲ ನಾನು. ಈಗ ಹೇಳ್ತೀನಿ, ಕೇಳು." ಹೇಳಿದಳು. ಒಂದು ಮಾತೂ ಬಿಡಲಿಲ್ಲ. ತಾನೇ ಹೆಬ್ಬೆಟ್ಟು ಹಿಡಿದು ಒತ್ತಿಸಿದ್ದನ್ನೂ ಬಿಡಲಿಲ್ಲ.

ಬೈಯಲಿ ಎಂದು ಕಾದಳು.

"ನೀನೂ ಹಿಂಗ್ ಮಾಡ್ಬುಟ್ಟೇನವ್ವ," ಅಂದ ಅಂಕಯ್ಯ. "ಈಗ ಎಲ್ಲಿದ್ದೀಯೆ?"

"ಸರ್ಕಾರಿ ಆಸ್ಪತ್ರೆಗೆ ಹೋಯ್ತಾ ಇವ್ನಿ. ನಾಯಿ ಕಚ್ತು."

"ಅಲ್ಲೇ ಇರು. ಕೈಲಾಂಚದ ಬಸ್ ಸಿಕ್ರೆ ಬತ್ತೀನಿ."

ಆಸ್ಪತ್ರೆಯಲ್ಲಿ ಸರದಿ ಉದ್ದವಿತ್ತು. ಅವಳ ಸರದಿ ಬರುವಷ್ಟರಲ್ಲಿ ಅಂಕಯ್ಯ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಗೋಡೆ ಹಿಡಿದುಕೊಂಡು ಬಂದ. ಕ್ಷಮಿಸಿದನೋ ಇಲ್ಲವೋ ತಿಳಿಯಲಿಲ್ಲ. ಅವಳ ಬೆನ್ನಿಗೆ ನಿಂತ.

ಸಿಸ್ಟರ್ ದಪ್ಪ ರಿಜಿಸ್ಟರ್ ತಿರುವಿದರು. "ಹೆಸರು?"

"ಕೆಹಕಶಾನ್."

"ಬೀದಿ ನಾಯಿನಾ, ಸಾಕಿದ್ದಾ?"

"ಸಾಕಿದ್ದು."

ಸಾಕುನಾಯಿ ಕಡಿತ, ಬಲಗೈ ಎಂದು ಬರೆದು ಸಿಸ್ಟರ್ ಸಿರಿಂಜು ಕೈಗೆತ್ತಿಕೊಂಡರು. ಕೆಹಕಶಾನ್ ಸೂಜಿ ನೋಡಿದಳು. ಅದು ಬೇಕಿತ್ತು. ಬೆಳಗಿನಿಂದ ಅದೊಂದಕ್ಕೇ ಜೀವ ಹಿಡಿದುಕೊಂಡು ಕೂತಿದ್ದಳು. ಹೆದರಿಕೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅವಳು ತೋಳು ಹಿಂದಕ್ಕೆ ಎಳೆದುಕೊಂಡಳು.

"ಕೈ ಕೊಡಮ್ಮ, ಕ್ಯೂ ನೋಡು ಎಷ್ಟಿದೆ."

"ಎಲ್ಲಿ ಕಚ್ತು ಅಂತ ಬರ್ದಿಲ್ಲ ನೀವು."

"ಕೈಗೆ ಅಂತ ಬರೆದಿದ್ದೀನಲ್ಲಮ್ಮ."

"ಕೆಲ್ಸ ಮಾಡೋವಾಗ ಅಂತ ಬರೀರಿ ಸಿಸ್ಟರ್," ಅಂದಳು ಕೆಹಕಶಾನ್. "ಮೂರು ಬೆರಳು ಮೊದ್ಲೇ ಸತ್ತೋಗಿದ್ವು, ಅದೂ ಕೆಲ್ಸದಿಂದಾನೇ ಅಂತ ಬರೀರಿ. ಬರೆದ್ಮ್ಯಾಕೆ ಚುಚ್ಚಿ."